ಅಂಬರೀನಳ ಹೆಸರಲ್ಲಿದ್ದ ನಕ್ಷೆ

"ಅಕ್ಕಾ, ಪೊಲೀಸರು ಬಂದಾರ. ನಿನ್ನ ಹೆಸರು ಹೇಳಿ ಕೇಳಲತ್ತಾರ."

ಅಮಿತಕುಮಾರನ ದನಿ ಸಣ್ಣಗಿತ್ತು. ಬೀದರಿನ ಕೊಳಾರದಲ್ಲಿದ್ದ ಕಂಪನಿಯ ಶೆಡ್ಡಿನಲ್ಲಿ, ಬ್ಯಾಟರಿ ಇಡುವ ಕಪಾಟಿನ ಹಿಂದೆ ನಿಂತು ಮಾತಾಡುತ್ತಿದ್ದಾನೆ ಎಂದು ಅಂಬರೀನಳಿಗೆ ಗೊತ್ತಾಯಿತು. ಚಾರ್ಜರಿನ ಫ್ಯಾನು ತಿರುಗುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು.

ಅವಳು ಔರಾದಿನಲ್ಲಿದ್ದಳು. ಒಂದು ಖಾಸಗಿ ದವಾಖಾನೆಯ ಹಿಂದಿನ ಬಯಲು. ನೆಲದ ಮೇಲೆ ಸುಣ್ಣದಲ್ಲಿ ಬರೆದ ದೊಡ್ಡ ವೃತ್ತ. ಅದರ ಪಕ್ಕ ರಕ್ತದ ಮಾದರಿಗಳ ಡಬ್ಬಿ ಇಟ್ಟುಕೊಂಡು ಬೀದರಿನಿಂದ ಬರಬೇಕಾದ ಡ್ರೋನಿಗಾಗಿ ಬೆಳಗಿನಿಂದ ಬಿಸಿಲಲ್ಲಿ ನಿಂತಿದ್ದಳು. ಡ್ರೋನು ಬಂದಿರಲಿಲ್ಲ. ಫೋನು ಬಂತು.

"ಯಾಕ? ನಾ ಏನ್ ಮಾಡೀನಿ?"

"ಮುಂಜಾನಿ ಭಾಲ್ಕಿಗಿ ಹೋದ ಡ್ರೋನ್ ಏರ್‌ಫೋರ್ಸಿನವರ ಗಡಿ ದಾಟ್ಯಾದಂತ. ಅಲ್ಲಿಂದ ಠಾಣಾಕ ಫೋನ್ ಹೋಗ್ಯದ."

"ಅದನ್ನ ಹಾರ್ಸಿದವ ನೀನೇ ಅಲ್ಲೇನೋ?"

ಫ್ಯಾನಿನ ಸದ್ದು ಕೇಳಿತು.

"ಅಮಿತ?"

"ನಕ್ಷಾ ನಿನ್ನ ಹೆಸರಿಲೆ ಅದಲ್ಲಕ್ಕಾ," ಅಂದ. ಫೋನು ಇಟ್ಟ.

ಅಂಬರೀನಳ ಬಾಯಿ ಒಣಗಿತು. ಬಾಟಲಿಯಲ್ಲಿ ನೀರಿತ್ತು. ಕುಡಿಯಲಿಲ್ಲ. ಆ ಬಯಲಿನಲ್ಲಿ ಹೆಂಗಸರು ಹೋಗಿ ಕೂರುವ ಜಾಗ ಇಲ್ಲ. ದವಾಖಾನೆಯ ಪಾಯಖಾನೆಗೆ ಕೀಲಿ ಹಾಕಿರುತ್ತಾರೆ, ಕೇಳಿದರೆ ರೋಗಿಗಳಿಗೆ ಮಾತ್ರ ಅನ್ನುತ್ತಾರೆ. ಔರಾದಿನ ಪಾಳಿ ಬಂದ ದಿನ ಅವಳು ನೀರು ಕುಡಿಯುವುದಿಲ್ಲ.

ಅವಳ ಕೊರಳಿನ ಕಾರ್ಡಿನ ಮೇಲೆ ಕಾರ್ಗೋ ಪೈಲಟ್ ಎಂದು ಬರೆದಿತ್ತು. ಅದನ್ನು ಓದಿದವರು ನಗುತ್ತಿದ್ದರು. ಪೈಲಟ್ ಅಂದರೆ ವಿಮಾನದ ಒಳಗೆ ಕೂರುವವರು. ಇವರದು ಮಂಚದಷ್ಟು ಅಗಲದ ರೆಕ್ಕೆ ಇರುವ ಡ್ರೋನು. ಅದರ ಹೊಟ್ಟೆಯಲ್ಲಿ ಔಷಧ, ರಕ್ತ, ಸೂಜಿಮದ್ದು. ಕೊಳಾರದಿಂದ ಭಾಲ್ಕಿಗೆ, ಔರಾದಿಗೆ ಹಾರಿಸುವುದು, ಇಳಿಸುವುದು, ಮತ್ತೆ ಏರಿಸುವುದು. ಹಾರುವುದಕ್ಕೆ ಮೊದಲು ಮತ್ತು ಇಳಿದ ಮೇಲೆ ಅದನ್ನು ಹೊರುವವರು ಪೈಲಟರೇ. ಬ್ಯಾಟರಿಯ ಚೀಲ ಎಳೆದು ಎಳೆದು ಅಂಬರೀನಳ ಎಡಭುಜದ ಚರ್ಮ ಗಟ್ಟಿಯಾಗಿ ಕಪ್ಪಾಗಿತ್ತು. ಆಕಾಶ ನೋಡಿ ನೋಡಿ ಕುತ್ತಿಗೆ ಹಿಡಿಯುತ್ತಿತ್ತು. ಮನೆಯಲ್ಲಿ ತಾಯಿ ಹಮೀದುನ್ನಿಸಾ ಲಾರಿ ಸೀಟಿನ ಹೊದಿಕೆ ಹೊಲಿಯುವುದನ್ನು ಬಿಟ್ಟು ಎದ್ದು ಬಂದು ಮಗಳ ಭುಜಕ್ಕೆ ಎಣ್ಣೆ ತಿಕ್ಕುತ್ತಿದ್ದಳು.

ಮೊದಲು ನಕ್ಷೆ ಕಂಪನಿಯೇ ಕೊಡುತ್ತಿತ್ತು. ಟ್ಯಾಬಿನಲ್ಲಿ ಅದು ಇಲ್ಲದೆ ಹಾರಿಸಲು ಆಗುವುದಿಲ್ಲ. ಎಲ್ಲಿ ಕರೆಂಟಿನ ದೊಡ್ಡ ತಂತಿ, ಎಲ್ಲಿ ಹೊಸ ಟವರು, ಎಲ್ಲಿ ಹಾರಬಾರದು, ಎಲ್ಲ ಅದರಲ್ಲಿ ಇರುತ್ತದೆ. ಬೀದರ ಊರಿನ ಆಚೆ ಬದಿಗೆ ವಾಯುಪಡೆಯ ನೆಲೆ. ನಕ್ಷೆಯಲ್ಲಿ ಅದರ ಸುತ್ತ ಕೆಂಪು, ಅಲ್ಲಿ ಹಾರಬಾರದು. ತರಬೇತಿ ಹೆಚ್ಚಾದ ದಿನಗಳಲ್ಲಿ ಕೆಂಪು ಅಗಲವಾಗುತ್ತದೆ. ಅದಕ್ಕೇ ಪ್ರತಿ ತಿಂಗಳು ಹೊಸ ನಕ್ಷೆ, ಪ್ರತಿ ತಿಂಗಳು ಅದಕ್ಕೆ ದುಡ್ಡು.

ದಸರಾ ಕಳೆದ ಮೇಲೆ ಮ್ಯಾನೇಜರ್ ವೈಜಿನಾಥ ಮೂವರು ಪೈಲಟರನ್ನೂ ನಿಲ್ಲಿಸಿ ಹೇಳಿದ.

"ಇನ್ನ ಮ್ಯಾಲ ನಕ್ಷಾ ನೀವೇ ತಗೋಬೇಕು. ನೀವು ನೌಕರರಲ್ಲ, ಪಾರ್ಟ್ನರ್ ಅದೀರಿ. ಲಾರಿ ಡ್ರೈವರ್ ತನ್ನ ಚಪ್ಪಲಿ ತಾನೇ ತಗೋತಾನ, ಹೌದಲ್ಲೋ?"

"ಚಪ್ಪಲಿ ಕಾಲಾಗ ಇರ್ತದ ಸರ್," ಅಂದಳು ಶಿವಕಾಂತಾ. ಭಾಲ್ಕಿಯಿಂದ ಬರುವವಳು, ಒಂದು ಮಗುವಿನ ತಾಯಿ, ಬಾಯಿಗೆ ಬಂದದ್ದನ್ನು ಆಡುವವಳು. "ರಸ್ತಾ ಯಾರದು?"

ವೈಜಿನಾಥ ನಕ್ಕ.

ಒಂದು ತಿಂಗಳ ನಕ್ಷೆಗೆ ಪಗಾರದ ಐದರಲ್ಲಿ ಒಂದು ಪಾಲು ಹೋಗುತ್ತಿತ್ತು. ಶಿವಕಾಂತಾ ಕೊಡುವುದಿಲ್ಲ ಅಂದಳು. ಅಮಿತ ನೋಡೋಣ ಅಂದ. ಅಂಬರೀನ ಅದೇ ಸಂಜೆ ಕೊಂಡಳು.

ಹೆದರಿ ಕೊಂಡಳು. ಅವಳ ಜುಲ್ಫೀಕಾರ ಮಾಮು ಪಾರಿವಾಳ ಸಾಕುತ್ತಿದ್ದ. ಪಂದ್ಯದ ಹಕ್ಕಿಗಳು. ಅವುಗಳ ಕಾಲಿಗೆ ಉಂಗುರ, ಉಂಗುರದ ಮೇಲೆ ನಂಬರು. ಅವಳು ಶಾಲೆಗೆ ಹೋಗುತ್ತಿದ್ದಾಗ ಒಂದು ಹಕ್ಕಿ ದಾರಿ ತಪ್ಪಿ ವಾಯುಪಡೆಯ ಬೇಲಿಯ ಒಳಗೆ ಇಳಿಯಿತು. ಬೇಹುಗಾರಿಕೆಯ ಅನುಮಾನದ ಮೇಲೆ ಯಾರೋ ಬಂದು ಮಾಮುವನ್ನು ಕರೆದುಕೊಂಡು ಹೋದರು. ಯಾವ ಇಲಾಖೆಯವರು ಎಂದು ಮನೆಯವರಿಗೆ ಇವತ್ತಿಗೂ ಗೊತ್ತಿಲ್ಲ. ತಿರುಗಿ ಬಂದ ಮಾಮು ಗೂಡುಗಳ ಬಾಗಿಲು ತೆಗೆದು ಹಕ್ಕಿಗಳನ್ನೆಲ್ಲ ಹಾರಿಸಿಬಿಟ್ಟ. ಸಂಜೆ ಅವು ತಿರುಗಿ ಬಂದವು. ಅವಕ್ಕೆ ಬೇರೆ ಮನೆ ಗೊತ್ತಿರಲಿಲ್ಲ. ಮಾಮು ಒಳಗೆ ಕೂತು ಕಿವಿ ಮುಚ್ಚಿಕೊಂಡ. ಈಗಲೂ ಯಾರಾದರೂ ಕೋಣೆಯ ಬಾಗಿಲು ಹಾಕಿದರೆ ಎದ್ದು ಹೊರಗೆ ಬರುತ್ತಾನೆ. ಮಳೆಯಿದ್ದರೂ ಬರುತ್ತಾನೆ.

ಒಂದು ಹಕ್ಕಿಗೆ ಇಷ್ಟು. ಅಂಬರೀನ ಹಾರಿಸುತ್ತಿದ್ದದ್ದು ಡ್ರೋನು.

"ಅಕ್ಕ ಭಾಳ ಪುಕ್ಕಲಿ," ಎಂದು ನಕ್ಕಿದ್ದ ಅಮಿತ ಒಂದೇ ವಾರದಲ್ಲಿ ಹತ್ತಿರ ಬಂದ. "ಅಕ್ಕಾ, ಒಂದ್ ನಕ್ಷಾ ಮೂರು ಮಂದಿಗಿ ಸಾಕಲ್ಲ? ಭೀಸಿ ಹಾಕಿದಂಗ ಹಾಕೋಣ." ಓಣಿಯ ಹೆಂಗಸರು ತಿಂಗಳಿಗಿಷ್ಟು ಎಂದು ಕೂಡಿಸುವ ಭೀಸಿಯಂತೆ ಮೂವರೂ ದುಡ್ಡು ಹಾಕಿದರು. ನಕ್ಷೆ ಅಂಬರೀನಳ ಹೆಸರಿನಲ್ಲಿ. ಯಾರು ಹಾರಿಸಿದರೂ ಟ್ಯಾಬಿನಲ್ಲಿ ಪೈಲಟಿನ ಹೆಸರು ಅಂಬರೀನ. ಶಿವಕಾಂತಾ ಭಾಲ್ಕಿಗೆ ಹಾರಿಸಿದರೂ ಅಂಬರೀನ, ಅಮಿತ ಔರಾದಿಗೆ ಹಾರಿಸಿದರೂ ಅಂಬರೀನ. ವೈಜಿನಾಥನಿಗೆ ಅದು ಗೊತ್ತಿತ್ತು. "ಯಾರ ಹೆಸರಿಲೆ ಇದ್ರೇನು, ಹಾರಿದ್ರ ಸಾಕು," ಅಂದಿದ್ದ.

ಈ ತಿಂಗಳು ಭೀಸಿ ತಪ್ಪಿತು. ಶಿವಕಾಂತಾಳ ಮಗುವಿಗೆ ಜ್ವರ. ಅಮಿತನ ಬೈಕಿನ ಕಂತು. ಅಂಬರೀನ ಒಬ್ಬಳೇ ಕಟ್ಟಲು ಆಗಲಿಲ್ಲ. ದುಡ್ಡು ಕಟ್ಟದಿದ್ದರೆ ನಕ್ಷೆ ನಿಲ್ಲುವುದಿಲ್ಲ. ಹಳೆಯದಾಗುತ್ತದೆ, ಅಷ್ಟೇ. ಪರದೆಯ ನೆತ್ತಿಯಲ್ಲಿ ಒಂದು ಹಳದಿ ಪಟ್ಟಿ ಬರುತ್ತದೆ. ಅವಳು ಅದನ್ನು ವೈಜಿನಾಥನಿಗೆ ತೋರಿಸಿದಳು.

"ನಿಂತದೇನು?"

"ಇಲ್ರಿ."

"ಕಾಣಸ್ತದಲ್ಲ? ಹಾರಸ್ರಿ ಮತ್ತ."

ಹಾರಿಸಿದರು. ಅವಳೂ ಹಾರಿಸಿದಳು. ಪ್ರತಿ ಸಲ ಡ್ರೋನು ಕಣ್ಣಿಗೆ ಕಾಣದಾದ ಮೇಲೆ ಅದು ಇಳಿಯಿತೆಂಬ ಸದ್ದು ಟ್ಯಾಬಿನಲ್ಲಿ ಬರುವತನಕ ಅವಳು ಪರದೆಯಿಂದ ಕಣ್ಣು ತೆಗೆಯುತ್ತಿರಲಿಲ್ಲ. ಅಷ್ಟರಲ್ಲಿ ಕೆಂಪು ಗಡಿ ಅಗಲವಾಗಿ ಭಾಲ್ಕಿ ದಾರಿಯ ನೌಬಾದದ ಆಚೆಗೂ ಬಂದಿತ್ತು. ಹಳೆಯ ನಕ್ಷೆಗೆ ಅದು ಗೊತ್ತಿರಲಿಲ್ಲ.

ಔರಾದಿನ ಬಸ್ ನಿಲ್ದಾಣದಲ್ಲಿ ಎರಡು ಬಸ್ಸು ನಿಂತಿದ್ದವು. ಒಂದು ಬೀದರಿನದು. ಒಂದು ರಾಜ್ಯದ ಗಡಿಯ ಆಚೆಯ ದೇಗಲೂರಿನದು. ದೇಗಲೂರಿನಲ್ಲಿ ಅತ್ತೆ ಅನ್ವರಿ ಬೇಗಂ ಇದ್ದಾಳೆ. ಅಂಬರೀನ ಡಬ್ಬಿ ಹಿಡಿದುಕೊಂಡು ಎರಡು ಬಸ್ಸುಗಳ ನಡುವೆ ನಿಂತಳು. ದೇಗಲೂರಿನ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಳು.

ತಾನು ಓಡಿದರೆ ಪೊಲೀಸರು ಮನೆಗೆ ಹೋಗುತ್ತಾರೆ. ಅಮ್ಮಿ ಹೊಲಿಗೆ ಮಷಿನಿನ ಮುಂದೆ ಇರುತ್ತಾಳೆ. ಮಾಮು ಅಂಗಳದಲ್ಲಿ ಇರುತ್ತಾನೆ.

ಕಾಲು ತೆಗೆದಳು. ಬೀದರಿನ ಬಸ್ಸು ಹತ್ತಿದಳು. ಕೊರಳಿನ ಕಾರ್ಡು ತೆಗೆದು ಚೀಲದಲ್ಲಿ ಹಾಕಿದಳು. ಕಂಪನಿಯ ಹೆಸರಿದ್ದ ಜಾಕೀಟು ತಿರುಗಿಸಿ ಹಾಕಿಕೊಂಡಳು. ಬಸ್ಸು ಹೊರಟ ಮೇಲೆ ಪಕ್ಕದಲ್ಲಿದ್ದ ಮುದುಕಿ ಡಬ್ಬಿಯಿಂದ ಸೋರುವ ನೀರು ನೋಡಿದಳು.

"ಐಸ್‌ಕ್ರೀಮ್ ಅದಾವೇನವ್ವ?"

"ರಕ್ತ ಅದಬೇ."

ಮುದುಕಿ ಸೀರೆ ಎಳೆದುಕೊಂಡು ಕಿಟಕಿಗೆ ಒತ್ತಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು. "ಯಾರದು?"

"ಮಂದೀದು."

"ಶಿವ ಶಿವಾ."

ಅಮ್ಮಿಯ ಫೋನು ಬಂತು. "ಖಾನಾ ಖಾಯಿ ಗೇ?"

"ಖಾಯಿ ಅಮ್ಮಿ," ಅಂದಳು ಅಂಬರೀನ. ಊಟ ಮಾಡಿರಲಿಲ್ಲ. ದನಿ ಒಡೆಯಬಾರದು ಎಂದು ಬೇಗ ಇಟ್ಟಳು. ಆಮೇಲೆ ಫೋನನ್ನು ಹಿಡಿದುಕೊಂಡು ಯೋಚಿಸಿದಳು. ಇದರಲ್ಲಿ ಏನೇನು ಇದೆ. ಚಿಕ್ಕಮ್ಮನ ಮಗಳ ಮದುವೆಯ ಫೋಟೋ. ಡ್ರೋನಿನ ಮುಂದೆ ತಾನು ನಗುತ್ತ ನಿಂತ ಫೋಟೋ. ಅದರ ಹಿಂದೆ ಆಕಾಶ. ಆಕಾಶದಲ್ಲಿ ಏನಾದರೂ ಇದೆಯೇ? ಫೋಟೋ ಹಿಗ್ಗಿಸಿ ನೋಡಿದಳು. ಒಂದು ಚುಕ್ಕೆ ಇತ್ತು. ಹದ್ದೋ ವಿಮಾನವೋ ತಿಳಿಯಲಿಲ್ಲ. ಫೋಟೋ ಅಳಿಸಿದಳು. ಅಳಿಸಿದ ಕೂಡಲೆ ಇನ್ನೂ ಹೆಚ್ಚು ಹೆದರಿಕೆಯಾಯಿತು. ಯಾಕೆ ಅಳಿಸಿದೆ ಎಂದು ಕೇಳಿದರೆ?

ಕೊಳಾರದ ಗೇಟಿನಲ್ಲಿ ಕಾವಲುಗಾರ ಬಸವಣ್ಣೆಪ್ಪ ಅವಳ ಮುಖ ನೋಡಿ ಕುರ್ಚಿಯಿಂದ ಎದ್ದ.

"ಆಫೀಸಿನ್ಯಾಗ ಕುಂತಾರವ್ವ. ಚಾ ಕುಡಿಲತ್ತಾರ."

"ಬಾಗಲಾ?"

"ಹಾಕ್ಕೊಂಡಾರ."

ಅವಳು ಅಂಗಳದ ನಡುವೆ ನಿಂತುಬಿಟ್ಟಳು. ಅಲ್ಲಿಯೂ ಸುಣ್ಣದ ವೃತ್ತ ಇತ್ತು. ಅದರಲ್ಲಿ ಡ್ರೋನು, ರೆಕ್ಕೆಯ ಕೆಳಗೆ ಅದರದೇ ನೆರಳು. ಶೆಡ್ಡಿನ ಬಳಿ ಶಿವಕಾಂತಾ ನಿಂತಿದ್ದಳು. ಅಮಿತ ಅವಳ ಹಿಂದೆ. ಅವನು ಈ ಕಡೆ ನೋಡಲಿಲ್ಲ.

ವೈಜಿನಾಥ ಬಾಗಿಲು ತೆಗೆದು ಬಂದ. ಬಾಗಿಲನ್ನು ತನ್ನ ಹಿಂದೆ ಎಳೆದುಕೊಂಡ. ದನಿ ತಗ್ಗಿಸಿದ.

"ಛಲೋ ಆಯ್ತು ಬಂದಿ. ಬಾ ಒಳಗ. ಸಣ್ಣ ಮಾತದ. ಮುಂಜಾನಿ ನಾನೇ ಹಾರ್ಸೀನಿ, ನಕ್ಷಾ ಹೊಸದು ಮಾಡೂದು ಮರ್ತೀನಿ, ತಪ್ಪಾಯ್ತು ಅಂತ ಹೇಳು. ಮುಗೀತು."

"ನಾ ಹಾರ್ಸಿಲ್ಲ ಸರ್."

"ನಿನ್ನ ಹೆಸರದ."

"ನಿಮಗ ಗೊತ್ತಿತ್ತು."

"ಮೆಲ್ಲಕ ಮಾತಾಡು. ಅಮಿತನ ಹೆಸರು ಹೇಳಿದ್ರ ಏನಾಗ್ತದ? ಒಬ್ಬಾಕಿ ಹೆಸರಿಲೆ ಮೂರು ಮಂದಿ ಹಾರ್ಸ್ಯಾರ ಅಂತ ಆಗ್ತದ. ಎಲ್ಲಾರ ಲೈಸೆನ್ಸ್ ಹೋಗ್ತದ. ಕಂಪನಿಗಿ ಕೀಲಿ ಬೀಳ್ತದ. ನೀ ಒಬ್ಬಾಕಿ ಅಂದ್ರ ಒಂದ್ ಸಣ್ಣ ತಪ್ಪು."

"ನನ್ನ ಹೆಸರೇನದ ಸರ್?"

"ಅಂದ್ರ?"

"ನನ್ನ ಹೆಸರು ಹೇಳ್ರಿ."

"ಅಂಬರೀನ."

"ಪೂರಾ ಹೇಳ್ರಿ. ಅಪ್ಪನ ಹೆಸರು ಕೂಡಿಸಿ ಹೇಳ್ರಿ."

ವೈಜಿನಾಥ ಆಫೀಸಿನ ಬಾಗಿಲ ಕಡೆ ತಿರುಗಿ ನೋಡಿದ. "ಅಂಬರೀನ ಫಕ್ರೋದ್ದೀನ. ಏನೀಗ?"

"ಅಮಿತಕುಮಾರಗ ಸಣ್ಣ ಮಾತು ಸರ್ ಇದು. ಈ ಹೆಸರಿಗಿ ಸಣ್ಣದಲ್ಲ."

"ನಾ ಅದೀನಲ್ಲ. ಬಾ, ನಡಿ ಒಳಗ." ಅವಳ ತೋಳು ಹಿಡಿದ.

ಅವಳು ತೋಳು ಕೊಸರಿಕೊಂಡಳು. ಬೆಳಗಿನಿಂದ ತಡೆದು ಹಿಡಿದದ್ದು ತಡೆಯಲಿಲ್ಲ. ಸಲವಾರಿನ ಒಳಗೆ ಬಿಸಿಯಾಯಿತು. ಯಾರಿಗೂ ಕಾಣಬಾರದೆಂದು ಅವಳು ಸರಕ್ಕನೆ ನೆಲಕ್ಕೆ ಕೂತಳು. ಸುಣ್ಣದ ವೃತ್ತದೊಳಗೆ, ಡ್ರೋನಿನ ಪಕ್ಕದಲ್ಲಿ. ರಕ್ತದ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡಳು. ಡಬ್ಬಿಯ ತಣ್ಣನೆಯ ನೀರು ಬಟ್ಟೆಯ ಮೇಲೆ ಸೋರಿತು. ಒಳ್ಳೆಯದೇ ಆಯಿತು. ಈಗ ಯಾವ ಒದ್ದೆ ಯಾವುದು ಎಂದು ಯಾರಿಗೂ ತಿಳಿಯುವುದಿಲ್ಲ.

ಅವಳು ಧೈರ್ಯದಿಂದ ಕೂತದ್ದಲ್ಲ. ಆದರೆ ಕೂತ ಮೇಲೆ ಏಳಲಿಲ್ಲ.

"ನಾಟಕ ಮಾಡಬ್ಯಾಡ, ಏಳು."

"ಒಳಗ ಬರಂಗಿಲ್ಲ ನಾ. ಏನ್ ಕೇಳೂದದ ಇಲ್ಲೇ ಕೇಳ್ರಿ. ಎಲ್ಲಾರ ಮುಂದ ಕೇಳ್ರಿ."

ಗಲಾಟೆ ಕೇಳಿ ಪೊಲೀಸ್ ಜಮಾದಾರ ಹೊರಗೆ ಬಂದ. ಕೈಯಲ್ಲಿ ಚಹಾದ ಗ್ಲಾಸು ಇತ್ತು. ಹಿಂದೆ ಒಬ್ಬ ಸಿಪಾಯಿ. ಪಾಳಿ ಬದಲಾಗುವ ಹೊತ್ತು. ಪಕ್ಕದ ಕಾರ್ಖಾನೆಯ ಹೆಂಗಸರು, ಗಂಡಸರು ಬುತ್ತಿ ಚೀಲ ಹಿಡಿದು ಹೋಗುತ್ತಿದ್ದವರು ತಂತಿ ಬೇಲಿಯ ಹತ್ತಿರ ನಿಂತರು.

"ನೀ ಏನು ಅಂಬರೀನ? ಏಳು. ಒಳಗ ನಡಿ."

"ಇಲ್ಲೇ ಕೇಳ್ರಿ ಸಾಹೇಬ್ರ."

"ಇದೆಲ್ಲಾ ಯಾರು ಕಲಿಸ್ಯಾರ ನಿನಗ? ಡ್ರೋನ್ ಹಾರಿಸಿ ಫೋಟೋ ಯಾರಿಗಿ ಕಳಿಸ್ತೀ?"

"ಫೋಟೋ ಇಲ್ರಿ. ಇದ್ರಾಗ ರಕ್ತ ಹೋಗ್ತದ, ಔಷಧ ಹೋಗ್ತದ." ಅವಳು ಡಬ್ಬಿಯ ಮುಚ್ಚಳ ತೆಗೆದಳು. ಸಣ್ಣ ಸಣ್ಣ ಗಾಜಿನ ಕೊಳವೆಗಳು. ಸಿಪಾಯಿ ಬಗ್ಗಿ ನೋಡಿ ಮೂಗು ಮುಚ್ಚಿಕೊಂಡ.

"ಹೊರದೇಶದಾಗ ಯಾರದಾರ ನಿಮ್ಮವರು? ದುಬೈ? ಸೌದಿ?"

"ಯಾರೂ ಇಲ್ರಿ. ದೇಗಲೂರದಾಗ ಅತ್ತಿ ಅದಾಳ."

ಬೇಲಿಯ ಆಚೆ ಯಾರೋ ಫಕ್ಕನೆ ನಕ್ಕರು. ಸಿಪಾಯಿಗೂ ನಗು ಬಂತು. ಜಮಾದಾರ ನಗಲಿಲ್ಲ.

"ಜಾಣಿ ಇದ್ದೀ. ಗಡಿ ಯಾಕ ದಾಟ್ಸಿದಿ?"

ಅಂಬರೀನ ಡಬ್ಬಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ಜೋರಾಗಿ ಹೇಳಿದಳು. ಜೋರಾಗಿ ಹೇಳದಿದ್ದರೆ ದನಿಯೇ ಬರುವಂತಿರಲಿಲ್ಲ.

"ಮುಂಜಾನಿ ನಾ ಔರಾದದಾಗ ಇದ್ದೆ. ಅಲ್ಲಿ ದವಾಖಾನಿ ಮಂದೀಗಿ ಕೇಳ್ರಿ. ಹಾರ್ಸಿದವ ಅಮಿತಕುಮಾರ. ಹಳೇ ನಕ್ಷಾದ ಮ್ಯಾಲ ಹಾರಸ್ರಿ ಅಂದವರು ಈ ಮ್ಯಾನೇಜರ್ ಸರ್. ನಕ್ಷಾ ಕಂಪನಿ ಕೊಡಂಗಿಲ್ಲ. ನಮ್ಮ ಪಗಾರದಾಗ ನಾವು ತಗೋಬೇಕು. ಈ ತಿಂಗಳು ನಮ್ಮ ಬಲ್ಲಿ ದುಡ್ಡು ಇರಲಿಲ್ಲ. ಹೇಳೀವಿ. ಆದ್ರೂ ಹಾರಸ್ರಿ ಅಂದಾರ."

"ಯಾರಲೇ ಅಮಿತಕುಮಾರ?"

ಅಮಿತ ಮುಂದೆ ಬಂದ. ನೆಲ ನೋಡಿದ. "ನಂಗೇನೂ ಗೊತ್ತಿಲ್ರಿ," ಅಂದ.

ಅಂಬರೀನ ಅವನ ಮುಖ ನೋಡಿದಳು. ಅವನೂ ಹೆದರಿದ್ದ. ಕಿವಿಯ ಹಿಂದಿನಿಂದ ಬೆವರು ಇಳಿಯುತ್ತಿತ್ತು. ಅವಳಿಗೆ ಅವನ ಮೇಲೆ ಕನಿಕರ ಬರಲಿಲ್ಲ.

"ಸುಳ್ಳ ಹೇಳ್ತೀಯೇನೋ ಭಾಡ್ಯಾ?" ಶಿವಕಾಂತಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು. "ಬ್ಯಾಟ್ರಿ ನಾ ಕಟ್ಟೀನ್ರಿ ಸಾಹೇಬ್ರ. ರಿಮೋಟ್ ಇವನ ಕೈಯಾಗ ಇತ್ತು. ಆಕಿ ನಸಿಕಿನ್ಯಾಗೇ ಔರಾದಕ್ಕ ಹೋಗ್ಯಾಳ."

"ಶಿವಕಾಂತಾ," ಅಂದ ವೈಜಿನಾಥ, "ಮನಿ ಕಡಿ ಸ್ವಲ್ಪ ವಿಚಾರ ಮಾಡು."

"ಮಾಡೀನಿ ಸರ್. ಇವತ್ತ ಇವನ ಕೈಯಾಗ ಇತ್ತು, ನಾಳಿ ನನ್ನ ಕೈಯಾಗ ಇರ್ತದ."

ಅಮಿತ ತಲೆ ಎತ್ತಲಿಲ್ಲ. "ನಾನೇ ಹಾರ್ಸೀನ್ರಿ," ಅಂದ. ಅವನ ಪಕ್ಕದಲ್ಲಿದ್ದವರಿಗೂ ಸರಿಯಾಗಿ ಕೇಳಲಿಲ್ಲ. ಜಮಾದಾರ ಇನ್ನೊಮ್ಮೆ ಹೇಳಿಸಿದ. ಅವನು ಇನ್ನೊಮ್ಮೆ ಹೇಳಿದ.

ಜಮಾದಾರ ಗ್ಲಾಸನ್ನು ಬಸವಣ್ಣೆಪ್ಪನ ಕೈಗೆ ಕೊಟ್ಟ. ಅವನಿಗೆ ಬೇಜಾರಾಗಿತ್ತು. ಬೇಲಿಯ ಹತ್ತಿರದ ಜನರನ್ನು ಒಮ್ಮೆ ನೋಡಿದ. "ನಾಳಿ ಮುಂಜಾನಿ ಎಲ್ಲಾರೂ ಠಾಣಾಕ ಬರ್ರಿ. ನೀವೂ ಬರ್ರಿ ಮ್ಯಾನೇಜರ್ ಸಾಹೇಬ್ರ. ಏ ಹುಡುಗಿ, ನೀ ನಿನ್ನ ಆಧಾರ್ ತಾ, ನಿಮ್ಮ ಮನ್ಯಾಗ ಎಷ್ಟು ಮಂದಿ ಅದೀರಿ ಎಲ್ಲಾರದೂ ತಾ."

"ನಾನೂ ಮನಿಯವರದು ತರಬೇಕೇನ್ರಿ?" ಅಮಿತ ಕೇಳಿದ.

"ನಿಂದು ಬ್ಯಾಡ."

ಜೀಪು ಹೋಯಿತು. ಧೂಳು ಕೂತಿತು. ಅಂಬರೀನ ಕೂತೇ ಇದ್ದಳು. ಮಾಮುವಿನ ಆಧಾರ್ ಕಾರ್ಡು ತಗಡಿನ ಪೆಟ್ಟಿಗೆಯಲ್ಲಿತ್ತು. ಅದು ಯಾಕೆ ಬೇಕೆಂದು ಮಾಮುವಿಗೆ ಹೇಗೆ ಹೇಳುವುದು ಎಂದು ಅವಳಿಗೆ ತಿಳಿಯಲಿಲ್ಲ.

ವೈಜಿನಾಥ ಗಡಿಯಾರ ನೋಡಿದ. ಏನೂ ಆಗದವನ ಹಾಗೆ ಚಪ್ಪಾಳೆ ತಟ್ಟಿದ. "ಆಯ್ತು, ಆಯ್ತು. ಭಾಲ್ಕಿಯವರು ಫೋನ್ ಮ್ಯಾಲ ಫೋನ್ ಮಾಡಲತ್ತಾರ, ಔಷಧ ಹೋಗಬೇಕು. ಅಮಿತ, ಹಾರಸು."

ಅಮಿತ ಕೈ ಹಿಂದೆ ಕಟ್ಟಿಕೊಂಡ.

"ಶಿವಕಾಂತಾ?"

"ಪೊಟ್ಟಣ ಕೊಡ್ರಿ, ಬಸ್ಸಿನ್ಯಾಗ ಒಯ್ತೀನಿ. ಹ್ಯಾಂಗೂ ಊರಿಗಿ ಹೊಂಟೀನಿ. ಹಾರ್ಸಂಗಿಲ್ಲ."

"ಹೊಸ ನಕ್ಷಾ ಬರೋತನ ಯಾರೂ ಹಾರ್ಸಂಗಿಲ್ಲ," ಅಂದಳು ಅಂಬರೀನ. "ಕಂಪನಿ ದುಡ್ಡಿಲೆ ಬರಬೇಕು. ಅವರವರ ಹೆಸರಿಲೆ ಬರಬೇಕು."

"ಹಂಗಾದ್ರ ನಾಳಿಂದ ಬರಬ್ಯಾಡ್ರಿ. ನೀವಿಲ್ಲಂದ್ರ ನಡಿಯಂಗಿಲ್ಲೇನು? ನಿಮಗ ಕಲಿಸಿದವನೇ ನಾನು." ವೈಜಿನಾಥ ಅಂಗಿಯ ತೋಳು ಮಡಿಸಿದ. ಔಷಧದ ಪೊಟ್ಟಣವನ್ನು ಡ್ರೋನಿನ ಹೊಟ್ಟೆಯಲ್ಲಿ ತಾನೇ ಇಟ್ಟ. ರಿಮೋಟ್ ಕೈಗೆತ್ತಿಕೊಂಡ. "ಅತ್ತಾಗ ಸರ್ಕೋ."

ಅಂಬರೀನ ಎದ್ದಳು. ಒದ್ದೆ ಬಟ್ಟೆ ತೊಡೆಗೆ ಅಂಟಿತ್ತು. ಸ್ಟೂಲಿನ ಮೇಲಿದ್ದ ಟ್ಯಾಬು ತೆಗೆದುಕೊಂಡು ತನ್ನ ಹೆಸರನ್ನು ಅದರಿಂದ ತೆಗೆದಳು. ಎರಡು ಸಲ ತಪ್ಪಿತು. ಮೂರನೆಯ ಸಲಕ್ಕೆ ಹೋಯಿತು. ಟ್ಯಾಬನ್ನು ವೈಜಿನಾಥನ ಕೈಗೆ ಕೊಟ್ಟಳು.

ಪರದೆ ಪೈಲಟ್ ಯಾರು ಎಂದು ಕೇಳುತ್ತಿತ್ತು. ಅದರ ಕೆಳಗೆ ಹಳೆಯ ನಕ್ಷೆ. ನೆತ್ತಿಯಲ್ಲಿ ಹಳದಿ ಪಟ್ಟಿ.

ವೈಜಿನಾಥ ತನ್ನ ಹೆಸರಿನ ಮೊದಲ ಅಕ್ಷರ ಒತ್ತಿದ. ಊರಿನ ಆಚೆ, ವಾಯುಪಡೆಯ ನೆಲೆಯ ದಿಕ್ಕಿಗೆ ನೋಡಿದ. ಆಕಾಶ ಖಾಲಿ ಇತ್ತು. ಮತ್ತೆ ಪರದೆ ನೋಡಿದ. ಹೆಬ್ಬೆರಳು ಗಾಜಿನ ಮೇಲೆ ಅಲ್ಲೇ ನಿಂತಿತ್ತು. ಬೇಲಿಯ ಹತ್ತಿರದ ಜನ ಇನ್ನೂ ಹೋಗಿರಲಿಲ್ಲ.

ಶಿವಕಾಂತಾ ಬಗ್ಗಿ, ಡ್ರೋನಿನ ಹೊಟ್ಟೆ ತೆರೆದು ಔಷಧದ ಪೊಟ್ಟಣ ತೆಗೆದುಕೊಂಡಳು.

"ಬಸ್ಸಿಗಿ ಹೊತ್ತಾಯ್ತು ಸರ್," ಅಂದಳು.

ವೈಜಿನಾಥ ತಡೆಯಲಿಲ್ಲ.